ಕೊಸೂತ್ ಕೌಂಟಿಯ ಮೆಕ್ಕೆಜೋಳ: ಅಮೆರಿಕದ ಬೆಳೆ ಸಹಾಯಧನ ಯಾರ ಕೈಗೆ, ಯಾವ ಲೆಕ್ಕದಲ್ಲಿ ಸೇರುತ್ತದೆ?

ಅಮೆರಿಕದ ಅಯೋವಾ ರಾಜ್ಯದ 99 ಕೌಂಟಿಗಳಲ್ಲಿ (ನಮ್ಮ ಜಿಲ್ಲೆಯಂತಹ ಆಡಳಿತ ಘಟಕಗಳು) ವಿಸ್ತೀರ್ಣದಿಂದ ಅತಿ ದೊಡ್ಡದು, ಮಿನೆಸೋಟಾದ ಗಡಿಗೆ ತಾಗಿಕೊಂಡಿರುವ ಕೊಸೂತ್. ಹಂಗೇರಿಯ ಸ್ವಾತಂತ್ರ್ಯ ಹೋರಾಟದ ನಾಯಕ ಲಾಯೋಶ್ ಕೊಸೂತ್ ಅವರ ಹೆಸರನ್ನು ಹೊತ್ತ ಈ ಕೌಂಟಿಯ ವಿಸ್ತೀರ್ಣ ಸುಮಾರು 970 ಚದರ ಮೈಲಿ, ಅಂದರೆ 6 ಲಕ್ಷ ಎಕರೆಗೂ ಹೆಚ್ಚು. 2020ರ ಜನಗಣತಿಯಲ್ಲಿ ಇಲ್ಲಿದ್ದ ಜನರ ಸಂಖ್ಯೆ 15,000ಕ್ಕಿಂತ ತುಸು ಕಡಿಮೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ದೊಡ್ಡ ತಾಲ್ಲೂಕಿನಷ್ಟು ನೆಲ, ಎರಡು ಮೂರು ಗ್ರಾಮ ಪಂಚಾಯಿತಿಗಳಷ್ಟು ಜನ. ಆ ನೆಲದಲ್ಲಿ ಕಣ್ಣು ಹಾಯಿಸಿದಷ್ಟು ದೂರ ಎರಡೇ ಬೆಳೆ: ಮೆಕ್ಕೆಜೋಳ ಮತ್ತು ಸೋಯಾ ಅವರೆ.

ಇಂತಹ ಕೌಂಟಿಯ ಯಾವ ರೈತನಿಗೆ, ಯಾವ ವರ್ಷ, ಯಾವ ಯೋಜನೆಯಡಿ ಸರ್ಕಾರದಿಂದ ಎಷ್ಟು ಡಾಲರ್ ಸಂದಾಯವಾಯಿತು ಎಂಬ ವಿವರ ಅಮೆರಿಕದಲ್ಲಿ ಬಹುಮಟ್ಟಿಗೆ ಸಾರ್ವಜನಿಕ ಮಾಹಿತಿ. ಹೆಸರು ಮತ್ತು ಮೊತ್ತವಿರುವ ಆ ಪಟ್ಟಿಗಳನ್ನು ಓದುವವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ತಪ್ಪುತ್ತಾರೆ. ಬೆಳೆ ಕೈಕೊಟ್ಟು ಕಷ್ಟಕ್ಕೆ ಸಿಲುಕಿದವನಿಗೆ ಕೊಟ್ಟ ಪರಿಹಾರ ಅದು ಎಂದು ಕೆಲವರು ಭಾವಿಸಿದರೆ, ಆತ ಬೆಳೆದು ಮಾರಿದ ಧಾನ್ಯಕ್ಕೆ ಕ್ವಿಂಟಲ್ ಲೆಕ್ಕದಲ್ಲಿ ಸಿಕ್ಕಿದ ಬೆಂಬಲ ಬೆಲೆ ಎಂದು ಇನ್ನು ಕೆಲವರು ತಿಳಿಯುತ್ತಾರೆ. ಇಂದಿನ ಮುಖ್ಯ ಯೋಜನೆಗಳ ಮಟ್ಟಿಗೆ ಎರಡೂ ಸರಿಯಲ್ಲ. ಹಣ ಅಂಟಿಕೊಂಡಿರುವುದು ಭೂಮಿಗೆ, ಅದರಲ್ಲೂ ಆ ಭೂಮಿಯಲ್ಲಿ ಹಿಂದೊಮ್ಮೆ ಏನು ಬಿತ್ತಲಾಗಿತ್ತು ಎಂಬ ದಾಖಲೆಗೆ. ಈ ಒಂದು ಸಂಗತಿ ಮನಸ್ಸಿನಲ್ಲಿ ನಿಂತರೆ ಉಳಿದ ತೊಡಕುಗಳು ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಆರಂಭದಲ್ಲಿ ವ್ಯವಸ್ಥೆ ಹೀಗಿರಲಿಲ್ಲ. 1932ರ ಹೊತ್ತಿಗೆ ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ ಅಯೋವಾದಲ್ಲಿ ಮೆಕ್ಕೆಜೋಳದ ಬೆಲೆ ಬುಶೆಲ್‌ಗೆ 10 ಸೆಂಟ್‌ನ ಆಸುಪಾಸಿಗೆ ಇಳಿದಿತ್ತು. ಒಂದು ಬುಶೆಲ್ ಮೆಕ್ಕೆಜೋಳ ಎಂದರೆ 56 ಪೌಂಡ್, ಸುಮಾರು 25.4 ಕಿಲೋ. ಕಲ್ಲಿದ್ದಲು ಕೊಳ್ಳುವುದಕ್ಕಿಂತ ತೆನೆಯನ್ನೇ ಒಲೆಗೆ ಹಾಕುವುದು ಅಗ್ಗವೆಂದು ರೈತರು ಚಳಿಗಾಲದಲ್ಲಿ ಅದನ್ನೇ ಉರಿಸಿದರು. 1933ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಅವರ ಸರ್ಕಾರದಲ್ಲಿ ಕೃಷಿ ಕಾರ್ಯದರ್ಶಿಯಾಗಿ ಬಂದ ಹೆನ್ರಿ ಎ. ವಾಲೇಸ್ ಅಯೋವಾದವರೇ. ಆ ವರ್ಷ ಜಾರಿಯಾದ ಕೃಷಿ ಹೊಂದಾಣಿಕೆ ಕಾಯಿದೆಯು ಬಿತ್ತನೆ ಕಡಿಮೆ ಮಾಡಿದವರಿಗೆ ಹಣ ಕೊಟ್ಟಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಹುಟ್ಟಿದ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್ ಎಂಬ ಸರ್ಕಾರಿ ನಿಗಮವು ಮೆಕ್ಕೆಜೋಳದ ಮೇಲೆ ಬುಶೆಲ್‌ಗೆ 45 ಸೆಂಟ್ ಸಾಲ ನೀಡತೊಡಗಿತು. ತೆನೆ ರೈತನ ಸ್ವಂತ ಕಣಜದಲ್ಲಿಯೇ ಸರ್ಕಾರಿ ಮೊಹರಿನಡಿ ಇರುತ್ತಿತ್ತು. ಬೆಲೆ ಏರಿದರೆ ಮಾರಿ ಸಾಲ ತೀರಿಸಬಹುದಿತ್ತು. ಏರದಿದ್ದರೆ ಧಾನ್ಯವನ್ನು ನಿಗಮಕ್ಕೆ ಒಪ್ಪಿಸಿದರೆ ಸಾಲ ಅಲ್ಲಿಗೇ ಚುಕ್ತಾ. ಸಾಲದ ರೂಪದಲ್ಲಿ ಬಂದ ಕನಿಷ್ಠ ಬೆಲೆ ಅದಾಗಿತ್ತು. ಈ ನಿಗಮದ ಹೆಸರನ್ನು ಓದುಗರು ನೆನಪಿಡಬೇಕು, ಏಕೆಂದರೆ ಮುಂದೆ ಅದು ಮತ್ತೆ ಬರುತ್ತದೆ.

ಮುಂದಿನ ಅರವತ್ತು ವರ್ಷಗಳ ಕಥೆಯನ್ನು ಇಲ್ಲಿ ಬೆಳೆಸುವ ಅಗತ್ಯವಿಲ್ಲ. ಬೆಲೆ ಹಿಡಿದು ನಿಲ್ಲಿಸಲು ಸರ್ಕಾರ ಬಿತ್ತನೆಯ ವಿಸ್ತೀರ್ಣಕ್ಕೆ ಮಿತಿ ಹೇರುವುದು, ದಾಸ್ತಾನು ಬೆಳೆದಾಗ ಮಿತಿಯನ್ನು ಬಿಗಿಗೊಳಿಸುವುದು, ಬೇಡಿಕೆ ಬಂದಾಗ ಸಡಿಲಿಸುವುದು ನಡೆದೇ ಇತ್ತು. ನಿರ್ಣಾಯಕ ತಿರುವು ಬಂದದ್ದು 1996ರ ಕೃಷಿ ಕಾಯಿದೆಯಿಂದ. ಅದು ರೈತನಿಗೆ ಬಹುಮಟ್ಟಿಗೆ ಏನನ್ನು ಬೇಕಾದರೂ ಬಿತ್ತುವ ಸ್ವಾತಂತ್ರ್ಯ ಕೊಟ್ಟಿತು ಮತ್ತು ಹಣವನ್ನು ಈಗಿನ ಬೆಳೆಯಿಂದ ಬಿಡಿಸಿ ಹಳೆಯ ಬಿತ್ತನೆಯ ದಾಖಲೆಗೆ ಕಟ್ಟಿತು. 2002ರ ಕಾಯಿದೆ ಅದನ್ನು ‘ನೇರ ಪಾವತಿ’ ಎಂದು ಕರೆದು ಮೆಕ್ಕೆಜೋಳಕ್ಕೆ ಬುಶೆಲ್‌ಗೆ 28 ಸೆಂಟ್, ಗೋಧಿಗೆ 52 ಸೆಂಟ್ ನಿಗದಿ ಮಾಡಿತು. ಮಾರುಕಟ್ಟೆಯಲ್ಲಿ ಬೆಲೆ ಎಷ್ಟೇ ಏರಲಿ, ಈ ಹಣ ಬರುತ್ತಲೇ ಇತ್ತು. 2012ರ ಬರದಲ್ಲಿ ಮೆಕ್ಕೆಜೋಳ ಬುಶೆಲ್‌ಗೆ 7 ಡಾಲರ್ ದಾಟಿದಾಗಲೂ ನೇರ ಪಾವತಿ ನಿಲ್ಲದೆ ಹೋದದ್ದು ಅದರ ಅಂತ್ಯಕ್ಕೆ ಕಾರಣವಾಯಿತು. 2014ರ ಕಾಯಿದೆ ಅದನ್ನು ರದ್ದುಪಡಿಸಿತು. ಆದರೆ ಅದರ ಬುನಾದಿಯಾದ ಹಳೆಯ ಬಿತ್ತನೆಯ ದಾಖಲೆಯನ್ನು ಹಾಗೆಯೇ ಉಳಿಸಿಕೊಂಡಿತು.

ಆ ದಾಖಲೆಯ ಹೆಸರು ‘ಬೇಸ್ ಎಕರೆ’. ಕೊಸೂತ್ ಕೌಂಟಿಯ ಆಡಳಿತ ಕೇಂದ್ರ ಅಲ್ಗೋನಾ. ಅಮೆರಿಕದ ಬಹುತೇಕ ಕೃಷಿ ಕೌಂಟಿಗಳಲ್ಲಿ ಇರುವಂತೆ ಇಲ್ಲಿಯೂ ಕೇಂದ್ರ ಕೃಷಿ ಇಲಾಖೆಗೆ ಸೇರಿದ ಫಾರ್ಮ್ ಸರ್ವಿಸ್ ಏಜೆನ್ಸಿ ರೈತರೊಂದಿಗೆ ವ್ಯವಹರಿಸುತ್ತದೆ. ಪ್ರತಿ ಹಿಡುವಳಿಗೂ ಏಜೆನ್ಸಿಯ ಕಡತದಲ್ಲಿ ಒಂದು ಫಾರ್ಮ್ ಸಂಖ್ಯೆ ಇರುತ್ತದೆ. ಅದರೊಳಗಿನ ತುಂಡುಗಳಿಗೆ ಬೇರೆ ಸಂಖ್ಯೆ, ತುಂಡಿನೊಳಗಿನ ಹೊಲಗಳಿಗೆ ಮತ್ತೊಂದು ಸಂಖ್ಯೆ. ಮೆಕ್ಕೆಜೋಳ, ಸೋಯಾ ಬಿತ್ತಿದವರು ಜುಲೈ 15ರೊಳಗೆ ಆಕಾಶದಿಂದ ತೆಗೆದ ಚಿತ್ರದ ನಕ್ಷೆಯನ್ನು ಮುಂದಿಟ್ಟುಕೊಂಡು ಯಾವ ಹೊಲದಲ್ಲಿ ಯಾವ ಬೆಳೆ, ಯಾವ ದಿನಾಂಕದಂದು ಬಿತ್ತಿದ್ದು ಎಂದು ಒಂದೊಂದನ್ನೇ ಬರೆಸಬೇಕು. ನಮ್ಮ ಪಹಣಿಯ ಬೆಳೆ ಕಾಲಂ ಮತ್ತು ಬೆಳೆ ಸಮೀಕ್ಷೆಯನ್ನು ಬಲ್ಲವರಿಗೆ ಇದು ಪರಿಚಿತ ಕೆಲಸ. ಆದರೆ ಈ ವಾರ್ಷಿಕ ವರದಿ ಒಂದು ಕಡತ, ಬೇಸ್ ಎಕರೆ ಇನ್ನೊಂದು. ಹಿಂದಿನ ದಶಕಗಳ ಬಿತ್ತನೆಯ ಸರಾಸರಿಯಿಂದ ನಿಂತ ಆ ಸಂಖ್ಯೆ, ಜಮೀನು ಮಾರಾಟವಾದರೆ ಜಮೀನಿನ ಜೊತೆಗೇ ಹೋಗುತ್ತದೆ. ಒಂದು ಜಮೀನಿಗೆ 400 ಎಕರೆ ಮೆಕ್ಕೆಜೋಳದ ಬೇಸ್ ಇದ್ದು, ರೈತ ಈ ವರ್ಷ ಅಷ್ಟಕ್ಕೂ ಸೋಯಾ ಬಿತ್ತಿದ್ದರೂ ಮೆಕ್ಕೆಜೋಳದ ಬೆಲೆ ಕುಸಿದಾಗ ಆತನಿಗೆ ಮೆಕ್ಕೆಜೋಳದ ಹಣ ಬರುತ್ತದೆ.

ಹಣದ ಲೆಕ್ಕಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಬೆಲೆ ಕುಸಿತದ ರಕ್ಷಣೆ, ರೈತರ ಬಾಯಲ್ಲಿ ಪಿಎಲ್‌ಸಿ. ಪ್ರತಿ ಬೆಳೆಗೂ ಕಾಯಿದೆಯೇ ಒಂದು ಆಧಾರ ಬೆಲೆಯನ್ನು ಬರೆದಿಟ್ಟಿದೆ. 2014 ಮತ್ತು 2018ರ ಕಾಯಿದೆಗಳಲ್ಲಿ ಮೆಕ್ಕೆಜೋಳಕ್ಕೆ ಬುಶೆಲ್‌ಗೆ 3.70 ಡಾಲರ್, ಸೋಯಾಕ್ಕೆ 8.40 ಡಾಲರ್ ಇತ್ತು. 2025ರ ಜುಲೈನಲ್ಲಿ ಬಂದ ಕಾಯಿದೆ ಅವನ್ನು ಕ್ರಮವಾಗಿ 4.10 ಮತ್ತು 10 ಡಾಲರ್‌ಗೆ ಏರಿಸಿತು. ಹಿಂದಿನ ವರ್ಷಗಳ ಮಾರುಕಟ್ಟೆ ಬೆಲೆ ಚೆನ್ನಾಗಿದ್ದರೆ ಆಧಾರ ಬೆಲೆ ತಾನಾಗಿ ಶೇ 15ರವರೆಗೆ ಮೇಲೇರಲು ಅವಕಾಶವಿದೆ, ಲೆಕ್ಕ ಸರಳವಾಗಲೆಂದು ಅದನ್ನು ಬದಿಗಿಡೋಣ. ಇಡೀ ದೇಶದ ವಾರ್ಷಿಕ ಸರಾಸರಿ ಬೆಲೆ 3.80 ಡಾಲರ್‌ಗೆ ನಿಂತಿತೆಂದು ಊಹಿಸಿಕೊಂಡರೆ ವ್ಯತ್ಯಾಸ 30 ಸೆಂಟ್. ಮೇಲಿನ ಜಮೀನಿಗೆ ಕಡತದಲ್ಲಿರುವ ಇಳುವರಿ ಎಕರೆಗೆ 160 ಬುಶೆಲ್ ಎಂದಿದ್ದರೆ ಎಕರೆಗೆ 48 ಡಾಲರ್ ಆಯಿತು. ಹಣ ಸಿಗುವುದು ಬೇಸ್ ಎಕರೆಯ ಶೇ 85ಕ್ಕೆ ಮಾತ್ರವಾದ್ದರಿಂದ 400ಕ್ಕೆ ಬದಲು 340 ಎಕರೆ. ಒಟ್ಟು 16,320 ಡಾಲರ್. ಈ ಲೆಕ್ಕದಲ್ಲಿ ಆ ರೈತ ಈ ವರ್ಷ ತೆಗೆದ ಇಳುವರಿಯಾಗಲಿ, ಆತ ಯಾವ ಬೆಲೆಗೆ ಮಾರಿದ ಎಂಬುದಾಗಲಿ ಎಲ್ಲಿಯೂ ಇಲ್ಲ. ಚಾಣಾಕ್ಷತನದಿಂದ ಮುಂಗಡ ಒಪ್ಪಂದ ಮಾಡಿಕೊಂಡು 4.60ಕ್ಕೆ ಮಾರಿದವನಿಗೂ ಅದೇ ಹಣ, 3.50ಕ್ಕೆ ಮಾರಿ ಕೈಸುಟ್ಟುಕೊಂಡವನಿಗೂ ಅದೇ ಹಣ.

ಎರಡನೆಯದು ಆದಾಯ ಕುಸಿತದ ರಕ್ಷಣೆಯಾದ ಎಆರ್‌ಸಿ. ಇಲ್ಲಿ ಕೌಂಟಿಯೇ ಅಳತೆಗೋಲು. ಹಿಂದಿನ ಐದು ವರ್ಷಗಳ ಬೆಲೆ ಮತ್ತು ಕೌಂಟಿಯ ಸರಾಸರಿ ಇಳುವರಿಯನ್ನು ತೆಗೆದುಕೊಂಡು, ಅತಿ ಹೆಚ್ಚಿನ ಮತ್ತು ಅತಿ ಕಡಿಮೆಯ ವರ್ಷಗಳನ್ನು ಕೈಬಿಟ್ಟು, ಉಳಿದ ಮೂರರ ಸರಾಸರಿಯಿಂದ ಒಂದು ಮಾನದಂಡದ ಆದಾಯವನ್ನು ಕಟ್ಟುತ್ತಾರೆ. ಆ ಇಳುವರಿ 200 ಬುಶೆಲ್, ಬೆಲೆ 5 ಡಾಲರ್ ಎಂದುಕೊಂಡರೆ ಎಕರೆಗೆ 1,000 ಡಾಲರ್. ಹೊಸ ಕಾಯಿದೆ ಇದರ ಶೇ 90ಕ್ಕೆ, ಅಂದರೆ 900 ಡಾಲರ್‌ಗೆ ಖಾತರಿ ಕೊಡುತ್ತದೆ. ಹಿಂದೆ ಅದು ಶೇ 86 ಇತ್ತು. ಈ ವರ್ಷ ಕೌಂಟಿಯ ಇಳುವರಿ 205 ಬುಶೆಲ್, ಬೆಲೆ 4.10 ಡಾಲರ್ ಆದರೆ ಆದಾಯ 840.50, ಕೊರತೆ 59.50 ಡಾಲರ್. ನಮ್ಮ ಜಮೀನಿನ 340 ಎಕರೆಗೆ ಅದು 20,230 ಡಾಲರ್ ಆಗುತ್ತದೆ. ಕೊರತೆ ಎಷ್ಟೇ ದೊಡ್ಡದಿರಲಿ, ಮಾನದಂಡದ ಆದಾಯದ ಶೇ 12ಕ್ಕಿಂತ ಹೆಚ್ಚು ಸಿಗುವುದಿಲ್ಲ.

ಈಗ ಇದೇ ಲೆಕ್ಕದಲ್ಲಿ ಒಂದೇ ಒಂದು ಸಂಖ್ಯೆಯನ್ನು ಬದಲಿಸಿ ನೋಡಿ. ಮಳೆ ಹದವಾಗಿ ಬಿದ್ದು ಕೌಂಟಿಯ ಇಳುವರಿ 225ಕ್ಕೆ ಏರಿದರೆ ಆದಾಯ 922.50 ಆಗಿ ಖಾತರಿಯನ್ನು ದಾಟುತ್ತದೆ. ಯಾರಿಗೂ ಒಂದು ಸೆಂಟ್ ಇಲ್ಲ. ಜುಲೈನ ಒಂದು ಸಂಜೆ ಆಲಿಕಲ್ಲು ಸುರಿದು ತನ್ನ ಹೊಲದ ಗರಿಗಳೆಲ್ಲ ಚಿಂದಿಯಾದ ರೈತನಿಗೂ ಇಲ್ಲ. ರಸ್ತೆಯ ಆಚೆ ಬದಿಗೆ ಬೇರೆ ಕೌಂಟಿ ಇದ್ದು, ಅಲ್ಲಿ ಸರಾಸರಿ ಕುಸಿದಿದ್ದರೆ, ಅಲ್ಲಿ ಸೊಂಪಾಗಿ ಬೆಳೆದವನಿಗೂ ಹಣ ಬರುತ್ತದೆ. ಕರ್ನಾಟಕದ ರೈತರಿಗೆ ಈ ನೋವು ಹೊಸದಲ್ಲ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿಯೂ ಪರಿಹಾರ ಬಹುಮಟ್ಟಿಗೆ ನಿರ್ಧಾರವಾಗುವುದು ಗ್ರಾಮ ಪಂಚಾಯಿತಿ ಅಥವಾ ಹೋಬಳಿ ಮಟ್ಟದ ಬೆಳೆ ಕಟಾವು ಪ್ರಯೋಗಗಳ ಸರಾಸರಿಯಿಂದ. ಆಲಿಕಲ್ಲಿನಂತಹ ಸ್ಥಳೀಯ ವಿಕೋಪಕ್ಕೆ ನಮ್ಮಲ್ಲಿ ಹೊಲವಾರು ಪರಿಶೀಲನೆಗೆ ಅವಕಾಶವಿದೆ ಎಂಬುದನ್ನು ಬಿಟ್ಟರೆ, ಪಕ್ಕದ ಪಂಚಾಯಿತಿಗೆ ಬಂದದ್ದು ನಮಗೇಕೆ ಬರಲಿಲ್ಲ ಎಂದು ಕೃಷಿ ಇಲಾಖೆಯ ಮೆಟ್ಟಿಲು ಹತ್ತುವವರ ಪ್ರಶ್ನೆ ಎರಡೂ ಕಡೆ ಒಂದೇ. ಸರಾಸರಿಯ ಮೇಲೆ ಕಟ್ಟಿದ ವ್ಯವಸ್ಥೆಗೆ ಅದರದೇ ಅನುಕೂಲವುಂಟು. ಲಕ್ಷಾಂತರ ಹೊಲಗಳನ್ನು ಅಳೆಯುವ ಖರ್ಚಿಲ್ಲ, ಸುಳ್ಳು ಹೇಳಿ ಹಣ ಪಡೆಯುವ ದಾರಿಯೂ ಕಿರಿದು. ಆದರೆ ಒಬ್ಬ ರೈತನ ನಷ್ಟವನ್ನು ಅದು ಕಾಣಲಾರದು, ಮತ್ತು ಅದನ್ನು ಪರಿಹಾರವೆಂದು ಕರೆಯುವುದು ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ.

ಹೊಲದ ನಷ್ಟವನ್ನು ಕಾಣುವುದು ಬೆಳೆ ವಿಮೆ. ವಿಚಿತ್ರವೆಂದರೆ ಕೌಂಟಿಯ ಸಹಾಯಧನ ಪಟ್ಟಿಯಲ್ಲಿ ವಿಮೆ ಪಡೆದವರ ಹೆಸರೇ ಸಿಗುವುದಿಲ್ಲ. 1938ರಲ್ಲಿ ಸರ್ಕಾರವೇ ಆರಂಭಿಸಿದ ಈ ವಿಮೆಯನ್ನು 1980ರ ಕಾಯಿದೆಯ ನಂತರ ಖಾಸಗಿ ಕಂಪನಿಗಳು ಮಾರುತ್ತಿವೆ. ಪ್ರೀಮಿಯಂನಲ್ಲಿ ಸರಾಸರಿ ಶೇ 62ರಷ್ಟನ್ನು ಸರ್ಕಾರ ಕಟ್ಟುತ್ತಾ ಬಂದಿದೆ. ಮೆಕ್ಕೆಜೋಳದ ವಿಮೆಗೆ ಮಾರ್ಚ್ 15 ಕೊನೆಯ ದಿನ. ಡಿಸೆಂಬರ್ ತಿಂಗಳ ವಾಯಿದೆ ವ್ಯಾಪಾರದ (ಮುಂದೆ ಕೊಡುವ ಧಾನ್ಯಕ್ಕೆ ಈಗಲೇ ಬೆಲೆ ಗೊತ್ತುಮಾಡುವ ವ್ಯಾಪಾರ) ಬೆಲೆಯನ್ನು ಫೆಬ್ರುವರಿಯಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಮತ್ತೊಮ್ಮೆ ಸರಾಸರಿ ತೆಗೆದು, ಹೆಚ್ಚು ಜನ ಕೊಳ್ಳುವ ಪಾಲಿಸಿಯಲ್ಲಿ ಎರಡರ ಪೈಕಿ ಹೆಚ್ಚಿನದಕ್ಕೆ ಖಾತರಿ ಕೊಡುತ್ತಾರೆ. 2012ರಲ್ಲಿ ಫೆಬ್ರುವರಿಯ ಬೆಲೆ 5.68 ಡಾಲರ್, ಅಕ್ಟೋಬರ್‌ನದು 7.50 ಡಾಲರ್ ಆಗಿತ್ತು. ತನ್ನ ಹೊಲದ ಸರಾಸರಿ ಇಳುವರಿ 180 ಬುಶೆಲ್ ಇದ್ದು ಶೇ 80ರ ವಿಮೆ ಪಡೆದ ರೈತನ ಖಾತರಿ ಎಕರೆಗೆ 1,080 ಡಾಲರ್ ಆಯಿತು. ಬರದಲ್ಲಿ 100 ಬುಶೆಲ್ ಮಾತ್ರ ಕೈಗೆ ಬಂದಿದ್ದರೆ ಅದರ ಮೌಲ್ಯ 750 ಡಾಲರ್. ಉಳಿದ 330 ಡಾಲರ್ ವಿಮೆಯಿಂದ ಬಂತು. ನಿಜವಾದ ನಷ್ಟಕ್ಕೆ ನಿಜವಾಗಿ ಸ್ಪಂದಿಸುವ ವ್ಯವಸ್ಥೆ ಇದು. ಆದರೆ ಪ್ರೀಮಿಯಂ ಸಹಾಯಕ್ಕೆ ಒಬ್ಬರಿಗೆ ಇಷ್ಟೇ ಎಂಬ ಗರಿಷ್ಠ ಮಿತಿಯಿಲ್ಲ, ಹೆಸರುಗಳೂ ಬಹಿರಂಗವಾಗುವುದಿಲ್ಲ. ಹಾಗಾಗಿ ಪಟ್ಟಿಯಲ್ಲಿ ಕಾಣುವ ಮೊತ್ತವನ್ನೇ ಸರ್ಕಾರದ ಪೂರ್ಣ ನೆರವೆಂದು ತಿಳಿದರೆ ಒಂದು ದೊಡ್ಡ ಭಾಗವೇ ಲೆಕ್ಕದಿಂದ ತಪ್ಪಿಹೋಗುತ್ತದೆ.

ಪಟ್ಟಿಯ ಕೆಲವು ಹೆಸರುಗಳ ಮುಂದೆ ವರ್ಷ ವರ್ಷವೂ ಬಹುತೇಕ ಒಂದೇ ಮೊತ್ತ ಕಾಣಿಸುತ್ತದೆ. ಅದು 1985ರಲ್ಲಿ ಆರಂಭವಾದ ಮಣ್ಣು ಸಂರಕ್ಷಣಾ ಯೋಜನೆಯ ಬಾಡಿಗೆ. ಕೊಚ್ಚಿಹೋಗುವ ಇಳಿಜಾರನ್ನು, ಹಳ್ಳದ ದಂಡೆಯನ್ನು ಉಳುಮೆಯಿಂದ ಬಿಡಿಸಿ 10ರಿಂದ 15 ವರ್ಷ ಹುಲ್ಲು, ಗಿಡಗಳಿಗೆ ಬಿಟ್ಟುಕೊಟ್ಟವರಿಗೆ ಸರ್ಕಾರ ಮಣ್ಣಿನ ಗುಣ ಮತ್ತು ಕೌಂಟಿಯ ಗೇಣಿ ದರವನ್ನು ನೋಡಿ ವರ್ಷಕ್ಕಿಷ್ಟು ಎಂದು ಕೊಡುತ್ತದೆ.

ಇದ್ದಕ್ಕಿದ್ದಂತೆ ಮೊತ್ತ ಜಿಗಿದ ವರ್ಷಗಳೂ ಇವೆ. 2018ರಲ್ಲಿ ಅಮೆರಿಕ ಹೇರಿದ ಸುಂಕಕ್ಕೆ ಪ್ರತಿಯಾಗಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ 25ರ ಸುಂಕ ಹಾಕಿತು. ಆಗ ರೈತರಿಗೆ ಹಣ ಹಂಚಿದ್ದು ಸಂಸತ್ತು ಹೊಸದಾಗಿ ಮಾಡಿದ ಕಾಯಿದೆಯಲ್ಲ. 1933ರ ಅದೇ ಕಮಾಡಿಟಿ ಕ್ರೆಡಿಟ್ ಕಾರ್ಪೊರೇಷನ್. ಖಜಾನೆಯಿಂದ 3,000 ಕೋಟಿ ಡಾಲರ್‌ವರೆಗೆ ಸಾಲ ಎತ್ತುವ ಅಧಿಕಾರ ಅದಕ್ಕಿದೆ. ಮೊದಲ ವರ್ಷ ಸೋಯಾಕ್ಕೆ ಬುಶೆಲ್‌ಗೆ 1.65 ಡಾಲರ್ ಕೊಟ್ಟರೆ ಮೆಕ್ಕೆಜೋಳಕ್ಕೆ ಕೊಟ್ಟದ್ದು ಬರೀ 1 ಸೆಂಟ್. ಮೆಕ್ಕೆಜೋಳದವರ ಅಸಮಾಧಾನದ ನಂತರ 2019ರಲ್ಲಿ ಪದ್ಧತಿ ಬದಲಾಗಿ, ಬೆಳೆ ಯಾವುದೇ ಆದರೂ ಕೌಂಟಿಗೊಂದೇ ದರ ಎಂದಾಯಿತು. ಎಕರೆಗೆ 15 ಡಾಲರ್‌ನಿಂದ 150 ಡಾಲರ್‌ವರೆಗೆ. ಎರಡು ಕೌಂಟಿಗಳಲ್ಲಿ ಜಮೀನಿದ್ದವರು ಒಂದೇ ಬೆಳೆಗೆ ಎರಡು ದರ ಪಡೆದರು. 2020ರಲ್ಲಿ ಕೋವಿಡ್ ನೆರವೂ ಸೇರಿ ದೇಶದಾದ್ಯಂತ ರೈತರಿಗೆ ನೇರವಾಗಿ ಸಂದ ಹಣ 4,500 ಕೋಟಿ ಡಾಲರ್ ದಾಟಿತು. 2025ರಲ್ಲಿ ಮತ್ತೆ ಮೆಕ್ಕೆಜೋಳಕ್ಕೆ ಎಕರೆಗೆ 42.91, ಸೋಯಾಕ್ಕೆ 29.76 ಡಾಲರ್ ತುರ್ತು ನೆರವು ಬಂತು. ಸೂತ್ರದ ಪ್ರಕಾರ ಬರುವ ಹಣ ಮತ್ತು ರಾಜಕೀಯ ತೀರ್ಮಾನದಿಂದ ಬರುವ ಹಣ ಒಂದೇ ಪಟ್ಟಿಯಲ್ಲಿ ಬೆರೆತಿರುವುದರಿಂದ ಓದುಗರು ಯೋಜನೆಯ ಹೆಸರನ್ನು ನೋಡದೆ ಮೊತ್ತವನ್ನು ಮಾತ್ರ ನೋಡಬಾರದು.

ದೊಡ್ಡವರಿಗೆ ತಡೆಯೇ ಇಲ್ಲವೇ ಎಂಬ ಪ್ರಶ್ನೆ ಸಹಜ. ಎಆರ್‌ಸಿ, ಪಿಎಲ್‌ಸಿಗಳಡಿ ಒಬ್ಬ ವ್ಯಕ್ತಿಗೆ ವರ್ಷಕ್ಕೆ 1,25,000 ಡಾಲರ್ ಮಿತಿ ಇತ್ತು. 2025ರ ಕಾಯಿದೆ ಅದನ್ನು 1,55,000ಕ್ಕೆ ಏರಿಸಿತು. ನಮ್ಮ ಉದಾಹರಣೆಯಲ್ಲಿ ಒಂದು ಬೇಸ್ ಎಕರೆಗೆ ಬಂದದ್ದು ಸುಮಾರು 50.60 ಡಾಲರ್, ಆ ದರದಲ್ಲಿ ಮಿತಿಯನ್ನು ಮುಟ್ಟಲು 3,000 ಎಕರೆಗೂ ಹೆಚ್ಚು ಬೇಸ್ ಬೇಕು. ಗಂಡ ಹೆಂಡತಿಗೆ ಬೇರೆ ಬೇರೆ ಮಿತಿ ಇರುವುದರಿಂದ ಒಂದು ದಂಪತಿಗೆ 6,000 ಎಕರೆ. ಪಾಲುದಾರಿಕೆಯಲ್ಲಿ ಪ್ರತಿ ಪಾಲುದಾರನಿಗೂ ತನ್ನದೇ ಮಿತಿ ಇದ್ದು, 2018ರ ಕಾಯಿದೆ ಕುಟುಂಬ ಎಂಬ ಪದದ ವ್ಯಾಪ್ತಿಗೆ ಅಣ್ಣತಮ್ಮಂದಿರ ಮಕ್ಕಳನ್ನೂ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೂ ಸೇರಿಸಿತು. ಇನ್ನೊಂದು ತುದಿಯಲ್ಲಿ, ಅಲ್ಗೋನಾದ ಅಂಚಿನಲ್ಲಿ ಐದು ಎಕರೆಯಲ್ಲಿ ತರಕಾರಿ ಬೆಳೆದು ಸಂತೆಗೆ ತರುವ ಒಬ್ಬ ರೈತ ಇದ್ದಾನೆಂದು ಭಾವಿಸಿ. ತರಕಾರಿಗೆ ಬೇಸ್ ಎಕರೆ ಎಂಬುದಿಲ್ಲ, ಹಾಗಾಗಿ ಈ ಎರಡು ಯೋಜನೆಗಳ ಪಟ್ಟಿಯಲ್ಲಿ ಆತನ ಹೆಸರು ಬರುವುದೇ ಇಲ್ಲ.

ಸ್ಥಳೀಯವಾಗಿ ಈ ಯೋಜನೆಗಳ ಮೇಲ್ವಿಚಾರಣೆ ನಡೆಸುವ ಕೌಂಟಿ ಸಮಿತಿಯನ್ನು ರೈತರೇ ಆರಿಸುತ್ತಾರೆ. ನವೆಂಬರ್‌ನಲ್ಲಿ ಅಂಚೆಯ ಮೂಲಕ ಮತಪತ್ರ ಬರುತ್ತದೆ, ಡಿಸೆಂಬರ್‌ನ ಮೊದಲ ಸೋಮವಾರದೊಳಗೆ ಹಿಂದಿರುಗಿಸಬೇಕು. ಸದಸ್ಯರ ಅವಧಿ ಮೂರು ವರ್ಷ. ಊರಿನ ಹೊಲಗಳನ್ನು ಬಲ್ಲವರೇ ತೀರ್ಮಾನಿಸಲಿ ಎಂಬುದು ಒಳ್ಳೆಯ ಆಶಯ. ಅದೇ ಆಶಯ ದಕ್ಷಿಣದ ರಾಜ್ಯಗಳಲ್ಲಿ ದಶಕಗಳ ಕಾಲ ಕಪ್ಪು ರೈತರ ಪಾಲಿಗೆ ಮುಚ್ಚಿದ ಬಾಗಿಲಾಯಿತು. ಬಿಳಿಯರೇ ತುಂಬಿದ್ದ ಸಮಿತಿಗಳು ಸಾಲವನ್ನೂ ನೆರವನ್ನೂ ತಡೆದವೆಂದು ಹೂಡಿದ ದಾವೆ 1999ರಲ್ಲಿ ಒಪ್ಪಂದದಲ್ಲಿ ಮುಗಿಯಿತು. 2010ರಲ್ಲಿ ಅದರ ಎರಡನೆಯ ಹಂತಕ್ಕೆ 125 ಕೋಟಿ ಡಾಲರ್ ಗೊತ್ತುಪಡಿಸಲಾಯಿತು. ಆ ನಡುವಿನ ವರ್ಷಗಳಲ್ಲಿ ಜಮೀನು ಕಳೆದುಕೊಂಡವರಿಗೆ ಅದು ಮರಳಿ ಬರಲಿಲ್ಲ.

ಇಷ್ಟಾದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ರೈತನ ಹೆಸರಿಗೆ ಬಂದ ಹಣ ರೈತನಲ್ಲಿಯೇ ನಿಲ್ಲುತ್ತದೆಯೇ? ಅಯೋವಾದ ಕೃಷಿಭೂಮಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಗೇಣಿಯ ಮೇಲೆ ಸಾಗುವಳಿಯಾಗುತ್ತಿದೆ. ಮೂರನೇ ಒಂದು ಭಾಗಕ್ಕೂ ಹೆಚ್ಚು ನೆಲ 75 ವರ್ಷ ದಾಟಿದವರ ಒಡೆತನದಲ್ಲಿದೆ. ಅವರಲ್ಲಿ ಅನೇಕರು ಉಳುಮೆ ಬಿಟ್ಟು ಎಷ್ಟೋ ಕಾಲವಾಗಿದೆ. ಫಸಲಿನಲ್ಲಿ ಪಾಲು ಹಂಚಿಕೊಳ್ಳುವ ಕೋರು ಪದ್ಧತಿಯಾದರೆ ಸಹಾಯಧನವೂ ಹಂಚಿಕೆಯಾಗುತ್ತದೆ. ಎಕರೆಗಿಷ್ಟು ನಗದು ಎಂಬ ಗೇಣಿಯಾದರೆ ಕಾಯಿದೆಯ ಪ್ರಕಾರ ಹಣವೆಲ್ಲ ಸಾಗುವಳಿದಾರನಿಗೆ. ಆದರೆ ಬೇಸ್ ಎಕರೆ ಇರುವ ಜಮೀನು ವರ್ಷಕ್ಕಿಷ್ಟು ತರುತ್ತದೆಂದು ಊರಿಗೆಲ್ಲ ಗೊತ್ತಿರುವಾಗ, ಅದನ್ನು ಹಿಡಿಯಲು ನಾಲ್ಕು ಜನ ಪೈಪೋಟಿಗೆ ನಿಂತಾಗ, ಗೇಣಿಯ ದರದಲ್ಲಿ ಆ ಹಣದ ಒಂದು ಭಾಗ ಸೇರಿಕೊಳ್ಳುತ್ತದೆ. ಗೇಣಿ ಏರಿದರೆ ಭೂಮಿಯ ಬೆಲೆಯೂ ಏರುತ್ತದೆ. ರಾಜ್ಯದ ವಿಶ್ವವಿದ್ಯಾಲಯದ ಸಮೀಕ್ಷೆಯಂತೆ 2023ರಲ್ಲಿ ಅಯೋವಾದ ಸರಾಸರಿ ಭೂಮಿ ಬೆಲೆ ಎಕರೆಗೆ 11,835 ಡಾಲರ್ ಇತ್ತು, ಸರಾಸರಿ ಗೇಣಿ 279 ಡಾಲರ್. ಈ ಏರಿಕೆಗೆ ಫಲವತ್ತಾದ ಮಣ್ಣು, ಎಥನಾಲ್ ಬೇಡಿಕೆ, ಬಡ್ಡಿ ದರ ಎಲ್ಲವೂ ಕಾರಣ. ಸಹಾಯಧನ ಅವುಗಳಲ್ಲಿ ಒಂದು. ಹೊಸದಾಗಿ ಬೇಸಾಯಕ್ಕೆ ಇಳಿಯುವ, ಸ್ವಂತ ನೆಲವಿಲ್ಲದ ಯುವಕನಿಗೆ ಅದು ನೆರವಾಗಿ ಬಂದು ಗೇಣಿಯಾಗಿ ಹೊರಟುಹೋಗುತ್ತದೆ.

ಇದು ನಡೆಯುವ ಬಗೆಯನ್ನು ಕ್ಯಾಲೆಂಡರ್‌ನಲ್ಲಿಯೇ ಕಾಣಬಹುದು. ಎಆರ್‌ಸಿ, ಪಿಎಲ್‌ಸಿಯ ಹಣ ಕೊಯ್ಲಿನ ಕೂಡಲೇ ಬರುವುದಿಲ್ಲ. ಮೆಕ್ಕೆಜೋಳದ ಮಾರಾಟ ವರ್ಷ ಮುಂದಿನ ಆಗಸ್ಟ್ 31ಕ್ಕೆ ಮುಗಿದು ರಾಷ್ಟ್ರೀಯ ಸರಾಸರಿ ಬೆಲೆ ನಿಗದಿಯಾದ ಮೇಲೆ, ಅಕ್ಟೋಬರ್ 1ರ ನಂತರ ಅದು ಬ್ಯಾಂಕಿಗೆ ಜಮೆಯಾಗುತ್ತದೆ; 2025ರ ಬೆಳೆಯ ಹಣ ಸೇರುವುದು 2026ರ ಅಕ್ಟೋಬರ್‌ನಲ್ಲಿ. ಅಯೋವಾದ ಕಾನೂನಿನಂತೆ ಗೇಣಿ ವರ್ಷ ಮಾರ್ಚ್ 1ಕ್ಕೆ ಆರಂಭ, ಒಪ್ಪಂದವನ್ನು ಮುರಿಯಬೇಕಾದವರು ಅದಕ್ಕೆ ಮೊದಲಿನ ಸೆಪ್ಟೆಂಬರ್ 1ರೊಳಗೆ ನೋಟಿಸ್ ಕೊಟ್ಟಿರಬೇಕು. ನೋಟಿಸ್ ಕೊಟ್ಟ ಮೇಲೆ ಹೊಸ ದರದ ಮಾತುಕತೆ ಸಾಗುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ಕೊಯ್ಲಿನ ಯಂತ್ರಗಳು ಹೊಲದಲ್ಲಿ ಓಡಾಡುತ್ತಿರುವ ಅದೇ ವಾರಗಳಲ್ಲಿ ಕಳೆದ ವರ್ಷದ ಸಹಾಯಧನ ರೈತನ ಖಾತೆಗೆ ಬಂದು ಬೀಳುತ್ತದೆ, ಮತ್ತು ಮುಂದಿನ ಮಾರ್ಚ್‌ನ ಗೇಣಿ ಕೇಳಲು ಕುಳಿತ ಭೂಮಾಲೀಕನಿಗೆ ಆ ಮೊತ್ತ ಸುಮಾರು ಎಷ್ಟೆಂದು ಗೊತ್ತಿರುತ್ತದೆ.